ನಾಳೆ ಹಬ್ಬವೋ ರೋಜಾವೋ

ಬೆಳಗಾವಿಯ ದರಬಾರ ಗಲ್ಲಿಯ ಹುಸೇನಪೀರ ಸಾಹೇಬರ ಮನೆಯಲ್ಲಿ ಮಾತು ದಖನಿ ಉರ್ದು, ಹೊಸ್ತಿಲು ದಾಟಿದರೆ ಕನ್ನಡ, ತರಕಾರಿ ಕೊಳ್ಳುವಾಗ ಮರಾಠಿ, ಜಗಳ ಬಂದರೆ ಮೂರೂ. ಯಾವ ಭಾಷೆಯಲ್ಲೂ ಹೆಚ್ಚು ಮಾತಾಡದವನು ಆ ಮನೆಯಲ್ಲಿ ಒಬ್ಬನೇ, ಮೊಮ್ಮಗ ಸೊಹೈಲ. ಒಂಬತ್ತು ವರ್ಷದ ಹುಡುಗ. ಅವನಿಗೆ ಆಟಿಸಂ ಇದೆ ಎಂದು ಡಾಕ್ಟರು ಹೇಳಿ ಎಷ್ಟೋ ವರ್ಷಗಳಾಗಿದ್ದವು. ತಾಯಿ ಮರಿಯಮ ಆ ಮಾತನ್ನು ಅತ್ತು ಕರೆದು ಒಪ್ಪಿಕೊಂಡಿದ್ದಳು. ತಂದೆ ಜುಲ್ಫಿಕಾರ ಅರ್ಧ ಒಪ್ಪಿಕೊಂಡಿದ್ದ. ಅಜ್ಜ ಹುಸೇನಪೀರ ಸಾಹೇಬರದು ಮಾತ್ರ ಇನ್ನೂ ಅಪೀಲಿನಲ್ಲಿತ್ತು.

ಸಾಹೇಬರು ಕೋರ್ಟಿನಲ್ಲಿ ಬೇಲೀಫರಾಗಿದ್ದವರು. ಜನರ ಬಾಗಿಲಿಗೆ ನೋಟೀಸು ಅಂಟಿಸುವುದು, ಜಪ್ತಿ ಮಾಡುವುದು, ಮನೆ ಖಾಲಿ ಮಾಡಿಸುವುದು ಅವರ ಕೆಲಸವಾಗಿತ್ತು. ತೀರ್ಪು ಬರೆಯುತ್ತಿದ್ದವರು ಬೇರೆಯವರಾದರೂ ನಿವೃತ್ತಿಯ ನಂತರ ಆ ಅಧಿಕಾರವೂ ತಮಗೇ ಬಂದಂತೆ ಇದ್ದರು.

"ಇದು ಕಾಯಿಲಿ ಅಲ್ಲ, ಹಟ," ಎನ್ನುತ್ತಿದ್ದರು. "ನಾ ಸಣ್ಣಾಂವ ಇದ್ದಾಗ ನನಗೂ ಇತ್ತು."

"ಆಮ್ಯಾಲೆ ಹೆಂಗ ಹೋತ್ರಿ, ಅಬ್ಬಾಜಾನ್?" ಎಂದು ಮರಿಯಮ ಒಮ್ಮೆ ಆಸೆಯಿಂದಲೇ ಕೇಳಿದ್ದಳು.

"ಹೋಗೇತಿ ಅಂತ ನಿನಗ ಯಾರ ಹೇಳಿದ್ರವಾ?" ಎಂದು ಅತ್ತೆ ಬದರುನ್ನಿಸಾ ಅಡುಗೆಮನೆಯಿಂದ ಉತ್ತರ ಕೊಟ್ಟಿದ್ದಳು.

ಸೊಹೈಲನಿಗೆ ದಿನ ಎಂದರೆ ಹಳಿ ಹಾಕಿದ ದಾರಿ. ಎದ್ದ ಮೇಲೆ ಹಲ್ಲು, ಹಲ್ಲಿನ ಮೇಲೆ ಹಾಲು, ಹಾಲಿನ ಮೇಲೆ ಸಾಲಿ. ನಡುವೆ ಒಂದು ಕಲ್ಲು ಬಿದ್ದರೂ ರೈಲಿನ ಡಬ್ಬಿ ಉರುಳುತ್ತಿತ್ತು. ಆ ಮನೆಯಲ್ಲಿ ಅತಿ ದೊಡ್ಡ ಕಲ್ಲು ಬೀಳುತ್ತಿದ್ದುದು ರಂಜಾನಿನಲ್ಲಿ. ಹೋದ ವರ್ಷ ಮೊದಲ ರೋಜಾದ ದಿನ ಮಧ್ಯಾಹ್ನ ಅವನು ಎಂದಿನಂತೆ ಎಲ್ಲರ ಮುಂದೆ ತಟ್ಟೆ ಇಟ್ಟ. ಯಾರೂ ಉಣ್ಣಲಿಲ್ಲ. ಅವನೂ ಉಣ್ಣಲಿಲ್ಲ. ಕೊನೆಗೆ ಅಜ್ಜಿಯ ಬಾಯಿಗೆ ತಾನೇ ಅನ್ನ ತುರುಕಲು ಹೋದ. ಆಕೆ ಮುಖ ತಿರುಗಿಸಿದಳು. ಅವನು ಗೋಡೆಗೆ ಹಣೆ ಚಚ್ಚಿಕೊಳ್ಳತೊಡಗಿದ. ಆ ತಿಂಗಳಿಡೀ ಮನೆಯವರು ಉಪವಾಸವಿದ್ದರು, ಹುಡುಗ ವನವಾಸದಲ್ಲಿದ್ದ.

ಈ ಸಲ ಮರಿಯಮ ಮೊದಲೇ ಎಚ್ಚರಾದಳು. ಹಿಂದವಾಡಿಯಲ್ಲಿ ಇಂಥ ಮಕ್ಕಳಿಗಾಗಿ ಚಿಕ್ಕದೊಂದು ಕೇಂದ್ರ ನಡೆಸುತ್ತಿದ್ದ ಸುಹಾಸಿನಿ ಮೇಡಂ ಹತ್ತಿರ ಹೋಗಿ ಕೂತಳು.

"ಬದಲಾವಣಿ ನಿಲ್ಲಸಾಕ ಆಗಂಗಿಲ್ಲ, ಮರಿಯಮ," ಅಂದರು ಮೇಡಂ. "ಆದ್ರ ಅದು ಕಳ್ಳನಂಗ ಬರಬಾರ್ದು. ಮೊದಲ ಚಿತ್ರಾ ತೋರಸ್ರಿ, ದಿನಾ ಸ್ವಲ್ಪ ಸ್ವಲ್ಪ ಹೇಳ್ರಿ. ಇನ್ನೊಂದು. ನಿಮಗ ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತನ ಹೇಳ್ರಿ. ಸಮಾಧಾನಕ್ಕಂತ ಸುಳ್ಳ ಹೇಳಬ್ಯಾಡ್ರಿ."

ಹೀಗೆ ಪಡಸಾಲೆಯ ಗೋಡೆಗೆ ಒಂದು ದಾರ ಬಂತು, ದಾರಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳಲ್ಲಿ ಚಿತ್ರದ ಕಾರ್ಡುಗಳು ಬಂದವು. ಅದರ ಕೆಳಗೆ ಮನೆಯವರೆಲ್ಲರ ಫೋಟೋ. ರೋಜಾ ಇದ್ದವರ ಫೋಟೋದಡಿ ಮುಚ್ಚಿಟ್ಟ ತಟ್ಟೆಯ ಚಿತ್ರ, ಸೊಹೈಲನ ಫೋಟೋದಡಿ ತೆರೆದ ತಟ್ಟೆ. ರಂಜಾನಿನ ಚಂದ್ರ ಕಾಣುವ ಹದಿನೈದು ದಿನ ಮೊದಲಿನಿಂದ ಮರಿಯಮ ದಿನಾ ಸಂಜೆ ಅದನ್ನು ತೋರಿಸಿ ಹೇಳಿದಳು. ಹುಸೇನಪೀರ ಸಾಹೇಬರು ನೋಡಿ, "ಮನಿ ಅಂದ್ರ ಮನಿ ಇರಬೇಕು, ಬಾಲವಾಡಿ ಅಲ್ಲ," ಎಂದರು. ಆದರೆ ಮೊದಲ ರೋಜಾದ ಮಧ್ಯಾಹ್ನ ಸೊಹೈಲ ಗೋಡೆ ನೋಡಿದ, ಒಂದೇ ತಟ್ಟೆ ತೆಗೆದುಕೊಂಡ, ಉಂಡ, ತೊಳೆದಿಟ್ಟ. ಬದರುನ್ನಿಸಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾಹೇಬರು, "ನಾ ಹೇಳಿರಲಿಲ್ಲೇನು, ಹಟ ತಾನ ಹೋಗತೈತಿ ಅಂತ," ಎಂದು ಯಶಸ್ಸನ್ನು ಜಪ್ತಿ ಮಾಡಿಕೊಂಡರು.

ಚಿತ್ರದ ವ್ಯವಸ್ಥೆಗೆ ಒಂದು ತೊಂದರೆ ಇತ್ತು. ಅದಕ್ಕೆ ಸುಳ್ಳು ಬರುತ್ತಿರಲಿಲ್ಲ. ಒಂದು ದಿನ ಮರಿಯಮ ಮಗನನ್ನು ಕರೆದುಕೊಂಡು ಗಂಡನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದಳು. ಅವಳು ಗಲ್ಲಾಪೆಟ್ಟಿಗೆಯ ಹತ್ತಿರ ನಿಂತಿದ್ದಾಗ ಸೊಹೈಲ ಟೈರುಗಳ ರಾಶಿಯ ಹಿಂದೆ ಹೋಗಿ ಬಂದ. ಸಂಜೆ ಇಫ್ತಾರಿಗೆ ಎಲ್ಲರೂ ಖರ್ಜೂರ ಕೈಯಲ್ಲಿ ಹಿಡಿದು ಕೂತಿದ್ದರು. ಹುಡುಗ ಎದ್ದು ಗೋಡೆಯ ಹತ್ತಿರ ಹೋದ, ಅಪ್ಪನ ಫೋಟೋದಡಿಯ ಮುಚ್ಚಿದ ತಟ್ಟೆ ತೆಗೆದ, ಅಲ್ಲಿ ಚಹಾದ ಕಪ್ಪನ್ನು ಸಿಕ್ಕಿಸಿದ. ಸ್ವಲ್ಪ ಯೋಚಿಸಿ ಪಕ್ಕಕ್ಕೆ ಬಿಸ್ಕೀಟನ್ನೂ ಸಿಕ್ಕಿಸಿದ.



"ಆಸಿಡಿಟಿ ಆಗಿತ್ರಿ, ಅಬ್ಬಾ," ಎಂದ ಜುಲ್ಫಿಕಾರ. "ಗುಳಗಿ ತಗೋಬೇಕಿತ್ತು."

"ಗುಳಗಿ ಜೋಡಿ ಬಿಸ್ಕೀಟನೂ ಬರದು ಕೊಟ್ಟಾರೇನಪಾ ಡಾಕ್ಟರು?" ಎಂದಳು ಅವನ ತಾಯಿ.

ಅಂದಿನಿಂದ ಜುಲ್ಫಿಕಾರ ಒಂದು ರೋಜಾವನ್ನೂ ಬಿಡಲಿಲ್ಲ. ಓಣಿಯ ಜನ ಅವನ ಭಕ್ತಿಯನ್ನು ಹೊಗಳಿದರು.

ರಂಜಾನು ಮುಗಿಯುವ ಹೊತ್ತಿಗೆ ಸೊಹೈಲ ಅದಕ್ಕೆ ಎಷ್ಟು ಒಗ್ಗಿದ್ದನೆಂದರೆ, ಇನ್ನು ಹಬ್ಬವೇ ಅವನಿಗೆ ಹೊಸ ಕಲ್ಲಾಗುವುದಿತ್ತು. ಅದಕ್ಕೂ ಮರಿಯಮ ತಯಾರಿದ್ದಳು. ಹೊಸ ಅಂಗಿ, ನಮಾಜು, ಶೀರ್ ಖುರ್ಮಾ, ಬಸ್ಸು, ಬೀಡಿ ಊರಿನಲ್ಲಿ ಮಾಮುವಿನ ಮನೆ, ಬಿರಿಯಾನಿ, ವಾಪಸ್ ಬಸ್ಸು. ಎಲ್ಲದರ ಚಿತ್ರ ಇತ್ತು. ಆದರೆ ಅದನ್ನು ಯಾವತ್ತು ತೂಗುಹಾಕಬೇಕು? ಇಪ್ಪತ್ತೊಂಬತ್ತನೇ ರೋಜಾದ ಸಂಜೆ ಚಂದ್ರ ಕಂಡರೆ ನಾಳೆ ಹಬ್ಬ. ಕಾಣದಿದ್ದರೆ ನಾಳೆ ಮೂವತ್ತನೇ ರೋಜಾ. ದಿನಾ ಇಫ್ತಾರಿ ಮುಗಿದ ಕೂಡಲೇ ಗೋಡೆಯಲ್ಲಿ ನಾಳೆ ಇರಬೇಕು, ಇಲ್ಲದಿದ್ದರೆ ಸೊಹೈಲ ಮಲಗುತ್ತಿರಲಿಲ್ಲ.

ಅಂದು ಸಂಜೆ ಪಶ್ಚಿಮಕ್ಕೆ ಮೋಡ ಕಟ್ಟಿತ್ತು.

"ನಾಳೆ?" ಎಂದ ಸೊಹೈಲ, ಖಾಲಿ ದಾರದ ಮುಂದೆ ನಿಂತು.

"ಹಬ್ಬ, ರಾಜಾ," ಎಂದಳು ಅಜ್ಜಿ. "ರೋಜಾ," ಎಂದರು ಅಜ್ಜ. "ನೋಡೂಣು," ಎಂದ ಅಪ್ಪ.

ದೊಡ್ಡವರ ಈ ಮಾತುಗಳಿಗೆ ಅರ್ಥ ಬೇರೆಯೇ ಇರುತ್ತದೆ. ನೋಡೂಣು ಎಂದರೆ ಇಲ್ಲ. ಮಾಡೂಣಂತ ಎಂದರೆ ಮರೆತುಬಿಡು. ಹಾದ್ಯಾಗ ಅದೀನಿ ಎಂದರೆ ಇನ್ನೂ ಸ್ನಾನವಾಗಿಲ್ಲ. ಊರಿನವರಿಗೆಲ್ಲ ಇದು ಹುಟ್ಟಿನಿಂದ ತಿಳಿದಿರುತ್ತದೆ. ಸೊಹೈಲನಿಗೆ ಮಾತೆಂದರೆ ಮಾತೇ. ಮೂರು ಉತ್ತರ ಕೇಳಿ ಅವನು ಕಿವಿ ಮುಚ್ಚಿಕೊಂಡ, ಹಿಂದೆ ಮುಂದೆ ತೂಗತೊಡಗಿದ. "ನಾಳೆ? ನಾಳೆ? ನಾಳೆ?"

ಮರಿಯಮಳಿಗೆ ಮೇಡಂ ಹೇಳಿದ್ದು ನೆನಪಾಯಿತು. ಅವಳು ಇನ್ನೊಂದು ದಾರ ತಂದು ಕಟ್ಟಿದಳು. ಎಡಕ್ಕೆ ಹಬ್ಬದ ಚಿತ್ರಗಳು, ಬಲಕ್ಕೆ ರೋಜಾದ ಚಿತ್ರಗಳು. ಎರಡರ ನಡುವೆ ಒಂದು ಬಿಳಿ ಕಾರ್ಡಿನ ಮೇಲೆ ಮಸೀದಿಯ ಧ್ವನಿವರ್ಧಕದ ಭೋಂಗಾ ಬರೆದು ಸಿಕ್ಕಿಸಿದಳು. ಚಿತ್ರ ಸೊಟ್ಟಾಗಿತ್ತು, ಊದುವ ತುತ್ತೂರಿಯಂತೆ ಕಾಣುತ್ತಿತ್ತು. ಆದರೂ ಹುಡುಗ ಗುರುತಿಸಿದ.

"ಭೋಂಗಾ ಹೇಳತೈತಿ. ಚಂದ್ರ ಕಂಡೈತಿ ಅಂದ್ರ ಇದು. ಕಂಡಿಲ್ಲ ಅಂದ್ರ ಅದು. ಅಲ್ಲೀಮಟಾ ಅಮ್ಮೀಗ ಗೊತ್ತಿಲ್ಲ."

"ದಾದಾಗ?"

"ದಾದಾಗೂ ಗೊತ್ತಿಲ್ಲ."

"ಏನವಾ," ಎಂದರು ಮೆಟ್ಟಿಲು ಹತ್ತುತ್ತಿದ್ದ ಸಾಹೇಬರು, ಅಲ್ಲೇ ನಿಂತು. "ನನಗ ಗೊತ್ತಿಲ್ಲಂತ ಹುಡುಗ್ಗ ಕಲಸಾಕ್ಹತ್ತಿ?"

ಅವರು ದುರ್ಬೀನು ಹಿಡಿದು ಮಾಳಿಗೆ ಏರಿದರು. ಕೆಳಗೆ ಫೋನುಗಳು ಕುದಿಯತೊಡಗಿದವು. ಒಂದು ಗ್ರೂಪಿನಲ್ಲಿ ಕರಾವಳಿಯಲ್ಲಿ ಚಂದ್ರ ಕಂಡಿತ್ತು. ಇನ್ನೊಂದು ಗ್ರೂಪಿನಲ್ಲಿ, ಕಂಡಿತೆಂದು ಹೇಳಿದವರ ನಂಬಿಕೆಯ ಬಗ್ಗೆಯೇ ಸಂಶಯವಿತ್ತು. ಮೂರನೆಯದರಲ್ಲಿ ಯಾರೋ ಚಂದ್ರನ ಫೋಟೋ ಹಾಕಿದ್ದರು. ಅದು ಹೋದ ವರ್ಷದ್ದು ಎಂದು ಪತ್ತೆಯಾಗುವಷ್ಟರಲ್ಲಿ ಅರ್ಧ ಊರಿಗೆ ಹಂಚಿ ಆಗಿತ್ತು. ಆಗ ಖಾನಾಪುರ ತಾಲೂಕಿನ ಬೀಡಿಯಿಂದ ಮರಿಯಮಳ ತಮ್ಮ ಮೌಲಾಲಿಯ ಫೋನು ಬಂತು.

"ಆಪಾ, ಇಲ್ಲಿ ನಮ್ಮ ಹುಡುಗ್ರು ಖರೇನ ಚಂದ್ರ ನೋಡ್ಯಾರ! ಕಣ್ಣಾರೆ!"

ಮಾಳಿಗೆಯಿಂದ ಇಳಿದ ಸಾಹೇಬರು ಫೋನು ಕಸಿದುಕೊಂಡು ಕೇಳಿದರು. ಮರುಕ್ಷಣ ತೀರ್ಪು ಬಂತು. "ಕಣ್ಣಲೆ ನೋಡಿದ ಸಾಕ್ಷಿ ಐತಿ. ನಾಳೆ ಹಬ್ಬ. ಆರ್ಡರ್ ಆತು!"

ಮನೆ ಒಮ್ಮೆಲೇ ಹಬ್ಬಕ್ಕೆ ತಿರುಗಿತು. ಬದರುನ್ನಿಸಾ ಶೀರ್ ಖುರ್ಮಾಕ್ಕೆಂದು ತಪ್ಪೇಲಿಗೆ ಹಾಲು ಸುರಿದು, ಖರ್ಜೂರ, ಶ್ಯಾವಿಗೆ, ಬಾದಾಮಿ ಹಾಕಿದಳು. ಜುಲ್ಫಿಕಾರ ಗಡ್ಡ ಕೆರೆದುಕೊಂಡು ನಾಳೆ ಎಷ್ಟು ಹೊತ್ತಿಗೆ ಚಹಾ ಕುಡಿಯಬಹುದೆಂದು ಲೆಕ್ಕ ಹಾಕಿದ. ಸಾಹೇಬರು ಓಣಿಯ ಬಾಗಿಲು ಬಾಗಿಲಿಗೆ ಹೋಗಿ ಮುಬಾರಕ್ ಹೇಳಿ ಬಂದು, ಗೋಡೆಯಿಂದ ರೋಜಾದ ದಾರವನ್ನು ಕಿತ್ತರು. ಸೊಹೈಲ ಅದನ್ನು ಎತ್ತಿ ಮತ್ತೆ ಕಟ್ಟಿದ. ಅವರು ಮತ್ತೆ ಕಿತ್ತರು. ಅವನು ಚೀರಿದ. ಮರಿಯಮ ಓಡಿಬಂದು ದಾರವನ್ನು ಮಾವನ ಕೈಯಿಂದ ಬಿಡಿಸಿಕೊಂಡಳು. ಮದುವೆಯಾದ ಮೇಲೆ ಅವರ ಕೈಯಿಂದ ಅವಳು ಏನನ್ನಾದರೂ ಬಿಡಿಸಿಕೊಂಡದ್ದು ಅದೇ ಮೊದಲು.

"ಭೋಂಗಾ ಇನ್ನೂ ಹೇಳಿಲ್ಲ, ಅಬ್ಬಾಜಾನ್."

"ನಾ ಹೇಳೇನಲ್ಲ!"

"ನೀವು ಭೋಂಗಾ ಅಲ್ರಿ," ಎಂದಳು ಮರಿಯಮ. ಬಾಗಿಲ ಹಿಂದೆ ಜುಲ್ಫಿಕಾರ ಕೆಮ್ಮಿದ. ಅದು ನಗೆಯೂ ಇರಬಹುದು.

ರಾತ್ರಿಯ ಇಶಾ ನಮಾಜಿನ ನಂತರ ಮಸೀದಿಯ ಭೋಂಗಾ ಗರಗರ ಎಂದು ಗಂಟಲು ಸರಿಮಾಡಿಕೊಂಡಿತು. ಎಲ್ಲಿಯೂ ಚಂದ್ರ ಕಂಡ ಖಾತ್ರಿ ಸುದ್ದಿ ಇಲ್ಲ. ನಾಳೆ ಮೂವತ್ತನೇ ರೋಜಾ. ಆಮೇಲೆ ಮೌಲಾಲಿ ಫೋನು ಮಾಡಿದ. ಅವರ ಹುಡುಗರು ಕಂಡ ಚಂದ್ರ ಸ್ವಲ್ಪ ಹೊತ್ತಿನಲ್ಲಿ ಕೆಂಪು ದೀಪ ಮಿಣುಕಿಸುತ್ತ ಸಾಂಬ್ರಾ ವಿಮಾನ ನಿಲ್ದಾಣದ ಕಡೆಗೆ ಇಳಿದುಹೋಯಿತಂತೆ.

ಆಗ ಮನೆಯವರಿಗೆ ಆದ ಬದಲಾವಣೆ ನೋಡುವಂತಿತ್ತು. ಬದರುನ್ನಿಸಾ ತಪ್ಪೇಲಿಯ ಮುಂದೆ ನೆಲಕ್ಕೆ ಕೂತು, "ಇಷ್ಟ ಹಾಲ! ಇಷ್ಟ ಹಾಲ!" ಎಂದು ಒಂದೇ ಮಾತನ್ನು ಹೇಳುತ್ತ ತೂಗಿದಳು. ಜುಲ್ಫಿಕಾರ ಬಚ್ಚಲಿನ ಬಕೀಟು ಒದ್ದ. ಹುಸೇನಪೀರ ಸಾಹೇಬರು ಮಾಳಿಗೆ ಏರಿ ಬಾಗಿಲು ಹಾಕಿಕೊಂಡರು; ಊಟಕ್ಕೆ ಕರೆದರೆ ಉತ್ತರವಿಲ್ಲ, ಕಣ್ಣಿಗೆ ಕಣ್ಣು ಕೊಡುವುದಿಲ್ಲ. ಡಾಕ್ಟರು ಮರಿಯಮಳಿಗೆ ಹೇಳಿದ್ದ ಲಕ್ಷಣಗಳನ್ನೆಲ್ಲ ಮೂವರೂ ತಮ್ಮ ತಮ್ಮಲ್ಲಿ ಹಂಚಿಕೊಂಡಿದ್ದರು. ಸೊಹೈಲ ಮಾತ್ರ ಹಬ್ಬದ ದಾರವನ್ನು ಬಿಚ್ಚಿ, ಮಡಚಿ, ಅಮ್ಮನ ಕೈಗಿಟ್ಟು, ಹಾಸಿಗೆಗೆ ಹೋದ.

ಮೂವತ್ತನೇ ರೋಜಾ ಕಳೆಯಿತು. ಅದರ ಮರುದಿನ ಯಾರ ಅಪ್ಪಣೆಯನ್ನೂ ಕೇಳದೆ ಹಬ್ಬ ಬಂತು. ಹೊಸ ಅಂಗಿಯ ಕೊರಳಲ್ಲಿ ಚುಚ್ಚುತ್ತಿದ್ದ ಚೀಟಿ ಕತ್ತರಿಸಿದ್ದರಿಂದ ಸೊಹೈಲ ಅದನ್ನು ತೊಟ್ಟ. ನಮಾಜಿನಲ್ಲಿ ಅಪ್ಪನ ಕೈ ಹಿಡಿದು ನಿಂತ. ಬೆಳಗಾವಿಯಿಂದ ಖಾನಾಪುರದ ತನಕ ಕಿಟಕಿಯ ಪಕ್ಕ ಕೂತು, ಕೊರಳಿಗೆ ಹಾಕಿಕೊಂಡ ಚಿತ್ರಗಳ ದಾರವನ್ನು ಬೆರಳಲ್ಲಿ ಸವರುತ್ತ ಬಂದ. ಎಲ್ಲವೂ ಎಷ್ಟು ಸರಿಯಾಗಿತ್ತೆಂದರೆ ಮರಿಯಮಳಿಗೆ ಒಳಗೊಳಗೇ ಭಯ.

ಖಾನಾಪುರದ ಸ್ಟ್ಯಾಂಡಿನಲ್ಲಿ ಇಳಿದು ಹತ್ತಬೇಕಿದ್ದ ಬೀಡಿಯ ಬಸ್ಸು ಇರಲಿಲ್ಲ. ಹಾದಿಯಲ್ಲೆಲ್ಲೋ ಪಂಕ್ಚರಾಗಿ ನಿಂತಿದೆ ಎಂದು ಸುದ್ದಿ.

"ಈಗ ಬರ್ತೈತ್ರಿ," ಎಂದ ಅಲ್ಲಿದ್ದವನೊಬ್ಬ. ಇನ್ನೊಬ್ಬ, "ಬಂದ ಬಿಡ್ತು," ಎಂದ. ಮೂರನೆಯವನು, "ಇವತ್ತೇನ ಬರಂಗಿಲ್ಲ ಬಿಡ್ರಿ," ಎಂದ. ಸೊಹೈಲ ಮೂವರ ಬಾಯನ್ನೂ ನೋಡಿದ. ಬಸ್ಸಿನ ಚಿತ್ರವನ್ನು ನೋಡಿದ. ಖಾಲಿ ಜಾಗವನ್ನು ನೋಡಿದ. ಆಮೇಲೆ ಧೊಪ್ಪೆಂದು ನೆಲಕ್ಕೆ ಬಿದ್ದು, ತನ್ನ ಕೈಯನ್ನು ತಾನೇ ಕಚ್ಚಿಕೊಂಡು ಕೂಗತೊಡಗಿದ.

ಜನ ಸೇರಿತು. ನಮ್ಮಲ್ಲಿ ಬಸ್ಸಿಗೆ ಬರ ಬಂದೀತು, ಸಲಹೆಗೆ ಬರುವುದಿಲ್ಲ. ಬುಟ್ಟಿ ಹೊತ್ತ ಭೀಮಕ್ಕ ಎಂಬಾಕೆ, "ದೃಷ್ಟಿ ಆಗೇತಿ, ಲಿಂಬಿಹಣ್ಣ ಇಳಸವಾ," ಎಂದಳು. ಒಬ್ಬ ತನ್ನ ಮೊಬೈಲು ಕೊಡಲು ಬಂದ, ಇನ್ನೊಬ್ಬ ತನ್ನ ಮೊಬೈಲಿನಲ್ಲಿ ವಿಡಿಯೋ ಮಾಡಿದ. ಈಗಿನ ತಾಯಂದಿರಿಗೆ ಮಕ್ಕಳನ್ನು ಸಾಕಲು ಬರುವುದಿಲ್ಲ ಎಂದು ಹಿಂದಿನಿಂದ ಮರಾಠಿಯಲ್ಲಿ ಒಂದು ದನಿ ಹೇಳಿತು, ಅದನ್ನು ಕನ್ನಡದಲ್ಲಿ ಇನ್ನೊಂದು ದನಿ ಅನುಮೋದಿಸಿತು. ಮರಿಯಮ ಮಗನ ತಲೆ ಕಲ್ಲಿಗೆ ಬಡಿಯದಂತೆ ತನ್ನ ಹೊಸ ಓಢಣಿಯನ್ನು ಮಡಚಿ ಕೆಳಗಿಟ್ಟಳು.

ಹುಸೇನಪೀರ ಸಾಹೇಬರು ಬಿಳಿ ಶೇರವಾನಿಯಲ್ಲಿ ದೂರ ಹೋಗಿ, ತಮಗೂ ಈ ಕುಟುಂಬಕ್ಕೂ ಸಂಬಂಧವಿಲ್ಲ ಎಂಬಂತೆ ಬಸ್ಸಿನ ವೇಳೆಯ ಫಲಕವನ್ನು ಓದುತ್ತಿದ್ದರು. ಆಗ ತಲೆಗೆ ಪಟಗಾ ಸುತ್ತಿದ ಬಾಳಪ್ಪ ಎಂಬ ದಪ್ಪ ಮನುಷ್ಯ ಜೋರಾಗಿ ಹೇಳಿದ. "ಕಾಯಿಲಿ ಗೀಯಿಲಿ ಏನಿಲ್ಲ. ಹಟ ಐತಿ. ಎರಡ ಬಾರಸ್ರಿ, ಹೆಂಗ ಸುಮ್ಮ ಆಗಂಗಿಲ್ಲ ನೋಡೂಣು!"

ತಮ್ಮದೇ ಮಾತು ಇನ್ನೊಬ್ಬನ ಬಾಯಲ್ಲಿ ಇಷ್ಟು ಕೆಟ್ಟದಾಗಿ ಕೇಳೀತೆಂದು ಸಾಹೇಬರು ಎಣಿಸಿರಲಿಲ್ಲ. ಅವರು ತಿರುಗಿದರು.

"ಯಾರ್ರೀ ಬಾರಸಾಂವ? ಸರೀರಿ ಹಿಂದಕ! ಜಾಗಾ ಖಾಲಿ ಮಾಡ್ರಿ! ಏ ವಿಡಿಯೋ, ಒಳಗ ಹಾಕು ಅದನ್ನ!"

ಜಾಗ ಖಾಲಿ ಮಾಡಿಸುವ ವಿದ್ಯೆ ಅವರಿಗೆ ಹೇಳಿಕೊಡಬೇಕಿರಲಿಲ್ಲ. ಜನ ಸಾಮಾನು ಸಮೇತ ಹಿಂದೆ ಸರಿದರು. ಆಮೇಲೆ ಸಾಹೇಬರಿಗೆ ಮುಂದೇನು ಮಾಡುವುದೆಂದು ತೋಚಲಿಲ್ಲ. ಸೊಸೆಯ ಮುಖ ನೋಡಿದರು. ಅವಳು, "ಸುಮ್ಮನ ಕುಂದರ್ರಿ, ಮುಟ್ಟಬ್ಯಾಡ್ರಿ," ಎಂದಳು. ಅವರು ಕೂತರು, ಶೇರವಾನಿ ಸಮೇತ, ಎಲೆಯಡಿಕೆ ಉಗುಳಿದ ಆ ನೆಲದ ಮೇಲೆಯೇ.

ತುಂಬ ಹೊತ್ತಿನ ಮೇಲೆ ಕೂಗು ಬಿಕ್ಕಾಗಿ ಇಳಿಯಿತು.

"ಬಸ್ಸು ಯಾವಾಗ?" ಎಂದ ಸೊಹೈಲ, ಯಾರನ್ನೂ ನೋಡದೆ.

ಈಗ ಬರ್ತೈತಿ ಎನ್ನಲು ಸಾಹೇಬರ ಬಾಯಿ ತೆರೆಯಿತು. ಮುಚ್ಚಿತು. ಎಪ್ಪತ್ತು ದಾಟಿದ ಆ ಮನುಷ್ಯನಿಗೆ ಮುಂದಿನ ಮಾತು ಹೊಸದು.

"ನನಗ ಗೊತ್ತಿಲ್ಲ, ಬೇಟಾ."

"ದಾದಾಗ ಗೊತ್ತಿಲ್ಲ."

"ಗೊತ್ತಿಲ್ಲಪಾ. ಬಂದಾಗ ನೀನೂ ನೋಡ್ತಿ, ನಾನೂ ನೋಡ್ತೇನಿ."

ಹುಡುಗ ಅದನ್ನು ಮತ್ತೆ ಮತ್ತೆ ಹೇಳಿಸಿದ. ಅವರು ಮತ್ತೆ ಮತ್ತೆ ಹೇಳಿದರು. ಪ್ರತಿ ಸಲವೂ ಸ್ವಲ್ಪ ಸಲೀಸಾಯಿತು. ಸೊಹೈಲ ಎದ್ದು ಕೂತ. ಕೈಯಲ್ಲಿ ಹಲ್ಲಿನ ಗುರುತು ಕೆಂಪಗೆ ಮೂಡಿತ್ತು.

ಅಷ್ಟರಲ್ಲಿ ಫೋನಿನಲ್ಲಿ ಸುದ್ದಿ ತಿಳಿದ ಮೌಲಾಲಿ ತನ್ನ ಟೆಂಪೋ ತಂದು, "ಹತ್ರಿ, ಹತ್ರಿ," ಎಂದ. ಸೊಹೈಲ ಟೆಂಪೋ ನೋಡಿದ, ಚಿತ್ರ ನೋಡಿದ, ಪಕ್ಕದ ಕಂಬವನ್ನು ಗಟ್ಟಿಯಾಗಿ ಅಪ್ಪಿಕೊಂಡ. ಎತ್ತಿ ಹಾಕಿಕೊಂಡು ಹೋಗೋಣ ಎಂದ ಜುಲ್ಫಿಕಾರ. ಮರಿಯಮ ತಲೆಯಾಡಿಸಿದಳು. "ಇವತ್ತ ಒಮ್ಮೆ ಬಿದ್ದು ಎದ್ದಾನ. ಇನ್ನೊಮ್ಮೆ ಬ್ಯಾಡ. ನೀವೆಲ್ಲಾ ಹೋಗ್ರಿ, ನಾವು ಬಸ್ಸಿಗೆ ಬರ್ತೇವಿ."

ಯಾರೂ ಹೋಗಲಿಲ್ಲ. ಮೌಲಾಲಿ ತಲೆ ಕೆರೆದುಕೊಂಡು, "ಹಂಗಾರ ಬಿರಿಯಾನಿನ ಇಲ್ಲಿಗೆ ತರ್ತೇನಿ ತಗೋ," ಎಂದು ಟೆಂಪೋ ತಿರುಗಿಸಿದ.

ಹೀಗೆ ಹುಸೇನಪೀರ ಸಾಹೇಬರ ಮನೆತನದ ಹಬ್ಬದ ಊಟ ಆ ವರ್ಷ ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಆಯಿತು. ಹಂಡೆ ಬಂದ ಮೇಲೆ ಸುತ್ತ ನಿಂತವರಿಗೆ ಕೊಡದೆ ಉಣ್ಣುವಂತಿರಲಿಲ್ಲ. ಬಾಳಪ್ಪ ಎರಡು ತಟ್ಟೆ ಉಂಡು, ಉಪ್ಪು ಸ್ವಲ್ಪ ಮುಂದಾಗಿದೆ ಎಂದು ಅಭಿಪ್ರಾಯಪಟ್ಟ. ಮಾಂಸ ತಿನ್ನದ ಭೀಮಕ್ಕ ಶೀರ್ ಖುರ್ಮಾ ಕುಡಿದು, ಲಿಂಬಿಹಣ್ಣಿನ ವಿಷಯ ಮರೆಯಬೇಡ ಎಂದು ಮರಿಯಮಳಿಗೆ ನೆನಪಿಸಿದಳು.

ಎಲ್ಲರೂ ಕೈ ತೊಳೆಯುವ ಹೊತ್ತಿಗೆ ಬೀಡಿಯ ಬಸ್ಸು ಬಂತು. ಸೊಹೈಲ ಓಡಲಿಲ್ಲ. ಕೊರಳಿನ ದಾರ ಹಿಡಿದು ಬೆವರತೊಡಗಿದ. ಅಲ್ಲಿ ಮೊದಲು ಬಸ್ಸು, ಆಮೇಲೆ ಮಾಮುವಿನ ಮನೆ, ಆಮೇಲೆ ಬಿರಿಯಾನಿ. ಬಿರಿಯಾನಿ ಈಗಾಗಲೇ ಹೊಟ್ಟೆಯಲ್ಲಿತ್ತು. ಮರಿಯಮ ಕುಕ್ಕರಗಾಲಲ್ಲಿ ಕೂತು ಬಿರಿಯಾನಿಯ ಕಾರ್ಡನ್ನು ಬಿಚ್ಚಿ ಅವನ ಅಂಗೈಯಲ್ಲಿಟ್ಟಳು. ಅದನ್ನು ಎಲ್ಲಿಡಬೇಕೆಂದು ಹೇಳಲಿಲ್ಲ. ಡ್ರೈವರ ಹಾರ್ನ್ ಹೊಡೆದ. ಸಾಹೇಬರು ಬಸ್ಸಿನ ಮುಂದೆ ಹೋಗಿ ಕೈ ಅಡ್ಡ ಹಿಡಿದು ನಿಂತರು.

ಹುಡುಗ ಬಿರಿಯಾನಿಯ ಕಾರ್ಡನ್ನು ಬಸ್ಸಿನ ಕಾರ್ಡಿನ ನಂತರ ಸಿಕ್ಕಿಸಿದ. ತೆಗೆದ. ಬಸ್ಸಿಗಿಂತ ಮೊದಲು ಸಿಕ್ಕಿಸಿದ. ನೋಡಿದ. ನಂತರ ಬಸ್ಸು ಹತ್ತಿದ.

ಮರಿಯಮ ಕೊನೆಯವಳಾಗಿ ಹತ್ತಿ ಮಗನ ಪಕ್ಕ ಕೂತಳು. ಎಲ್ಲರಿಗೂ ಬಡಿಸುವುದರಲ್ಲಿ ತಾನು ಒಂದು ತುತ್ತೂ ಉಂಡಿಲ್ಲ ಎಂಬುದು ಆಗ ನೆನಪಾಗಿ, ಮಡಿಲಿನಲ್ಲಿದ್ದ ಬಿರಿಯಾನಿಯ ಡಬ್ಬಿ ತೆರೆದಳು. ಅನ್ನ ಆರಿತ್ತು. ಎದುರಿನ ಸೀಟಿನ ಹೆಂಗಸು ಹೊರಳಿ ನೋಡಿ, "ಮಗಾ ಮಾತಾಡಂಗಿಲ್ಲೇನವಾ?" ಎಂದು ಕೇಳಿದಳು.

"ಬೇಕಾದಾಗ ಮಾತಾಡ್ತಾನ್ರಿ," ಎಂದಳು ಮರಿಯಮ, ಬಾಯಿ ತುಂಬಿಕೊಂಡು. ಬಸ್ಸು ಸ್ಟ್ಯಾಂಡು ಬಿಟ್ಟು ಬೀಡಿಯ ದಾರಿಗೆ ಹೊರಳಿತು.